ಬಸ್ಸಿನ ಬುತ್ತಿ, ಫ್ರೀಜರಿನ ಡಬ್ಬಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಈ ನಾಲ್ಕೂ ತಾಲ್ಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆ ಹುಟ್ಟುವವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಕಚೇರಿ ಕೆಲಸಕ್ಕೂ ಧಾರವಾಡ, ದೊಡ್ಡ ಕಾಲೇಜಿಗೂ ಧಾರವಾಡ ಇಲ್ಲವೇ ಹುಬ್ಬಳ್ಳಿ. ಮಕ್ಕಳು ಅಲ್ಲಿ ಖೋಲಿ ಹಿಡಿದು ಓದುತ್ತಿದ್ದರು. ಅವರ ಊಟ ಮಾತ್ರ ಊರಿನಲ್ಲೇ ತಯಾರಾಗಿ ಬಸ್ಸು ಹತ್ತುತ್ತಿತ್ತು. ನಸುಕಿನ ನಾಲ್ಕಕ್ಕೆ ಎದ್ದ ತಾಯಿ ರೊಟ್ಟಿ ಬಡಿದು, ಪಲ್ಯ ಮಾಡಿ, ಅರಿವೆಯಲ್ಲಿ ಗಂಟು ಕಟ್ಟಿ, ಹೆಸರಿನ ಚೀಟಿ ಸಿಕ್ಕಿಸುತ್ತಿದ್ದಳು. ಅಪ್ಪನೋ ತಮ್ಮನೋ ಅದನ್ನು ಮೊದಲ ಬಸ್ಸಿಗೆ ಒಯ್ಯುತ್ತಿದ್ದರು. “ಅಣ್ಣಾರ, ಹುಡುಗ ಸ್ಟ್ಯಾಂಡಿಗೆ ಬಂದು ನಿಂತಿರ್ತಾನ್ರೀ, ಇದೊಂದು ಕೊಟ್ಟುಬಿಡ್ರಿ” ಎಂದರೆ ಸಾಕು, ಡ್ರೈವರ್ ಆ ಗಂಟನ್ನು ತನ್ನ ಪಕ್ಕದ ಬಾನೆಟ್ಟಿನ ಮೇಲೆ ಇಟ್ಟುಕೊಳ್ಳುತ್ತಿದ್ದ. ಟಿಕೆಟ್ಟಿಲ್ಲ, ರಸೀದಿಯಿಲ್ಲ. ಸ್ಟ್ಯಾಂಡಿನಲ್ಲಿ ಕಾಯುವ ಹುಡುಗರಿಗೆ ತಮ್ಮೂರ ಬಸ್ಸು ಬರುವ ಹೊತ್ತು ಕ್ಲಾಸಿನ ವೇಳಾಪಟ್ಟಿಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು.

ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಂಥ ಕಡೆ ಜಾಗ ಸಿಕ್ಕವರಿಗೆ ಊಟದ ಚಿಂತೆ ತಪ್ಪಿತು. ಉಳಿದವರಲ್ಲಿ ಮೆಸ್ಸಿನ ಬಿಲ್ಲು ಕಟ್ಟಲಾಗದ ಎಷ್ಟೋ ಮನೆಗಳ ಮಕ್ಕಳು ಪದವಿ ಮುಗಿಸಿದ್ದು ಈ ಗಂಟನ್ನು ನಂಬಿಯೇ. ಮಗ ಪಾಸಾದರೆ ಊರೆಲ್ಲ ಹೊಗಳಿತು. ನಾಲ್ಕಕ್ಕೆ ಎದ್ದವಳ ನಿದ್ದೆಯ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಈಗ ಅದೇ ತಾಲ್ಲೂಕುಗಳ ಹುಡುಗ ಹುಡುಗಿಯರು ಓದು ಮುಗಿಸಿ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನೌಕರಿ ಹಿಡಿದಿದ್ದಾರೆ. ನಾಲ್ವರು ಸೇರಿ ಮನೆ ಮಾಡಿದ್ದಾರೆ, ಅದರಲ್ಲೊಂದು ಫ್ರಿಜ್ಜೂ ಇದೆ. ರವಿವಾರ ಒಂದೇ ಸಲ ಅಡಿಗೆ ಮಾಡಿ, ಡಬ್ಬಿಗಳಲ್ಲಿ ತುಂಬಿ ಫ್ರೀಜರಿಗೆ ಸೇರಿಸಿ, ದಿನಕ್ಕೊಂದರಂತೆ ಕೆಲಸಕ್ಕೆ ಒಯ್ಯುವುದು ಇವರಿಗೆ ಒಗ್ಗುವ ಉಪಾಯ. ಹೋಟೆಲಿನ ಖರ್ಚೂ ಉಳಿಯುತ್ತದೆ, ಮನೆಯ ಖಾರವೂ ಸಿಗುತ್ತದೆ. ಆದರೆ ಫ್ರೀಜರ್ ಇದ್ದ ಮಾತ್ರಕ್ಕೆ ಬುತ್ತಿ ಕೆಡದು ಎಂದು ನಂಬುವಂತಿಲ್ಲ. ಯಾವುದು ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದು ಹಳೆಯ ಬುತ್ತಿ ಕಟ್ಟಿದವರಿಗೆ ಕೈಯಳತೆಯಲ್ಲೇ ತಿಳಿದಿತ್ತು. ಫ್ರಿಜ್ಜಿನ ಮುಂದೆ ನಿಂತವರು ಅದನ್ನು ಕಲಿತುಕೊಳ್ಳಬೇಕು.

ಬಾನೆಟ್ಟಿನಿಂದಲೇ ಸುರು ಮಾಡಬಹುದು. ಅದರ ಕೆಳಗೆ ಎಂಜಿನ್. ಮೇಲಿಟ್ಟ ಗಂಟು ಎರಡು ಮೂರು ತಾಸು ಬೆಚ್ಚಗೆ ಕೂತಿರುತ್ತದೆ. ಅನ್ನ ಕೆಡಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದದ್ದೂ ಅದೇ ಬೆಚ್ಚನೆ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಬೆಳೆಯುತ್ತವೆ, ಮೈ ಶಾಖದ ಆಸುಪಾಸಿನಲ್ಲಂತೂ ಭರದಿಂದ ಬೆಳೆಯುತ್ತವೆ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲ ಭತ್ತದ ತಾಲ್ಲೂಕು, ಅಲ್ಲಿ ಅನ್ನದ ಬುತ್ತಿಗೆ ಕೊರತೆಯಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬಹಳ ಹೊತ್ತು ಬೆಚ್ಚಗೆ ಕೂತರೆ ಅವು ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಪರೀಕ್ಷೆಯ ದಿನ ವಾಂತಿ ಮಾಡಿಕೊಂಡು ಮಲಗಿದ ಹುಡುಗನಿಗೆ “ದೃಷ್ಟಿ ಆಗೇತಿ” ಎಂದು ನಿವಾಳಿಸಿದ್ದುಂಟು. ತಪ್ಪು ಅನ್ನದ್ದೂ ಆಗಿರಬಹುದು.

ಇದಕ್ಕೆ ಮದ್ದು ಬುತ್ತಿಯಲ್ಲೇ ಇತ್ತು. ಅನ್ನವನ್ನು ಬರಿದೇ ಕಟ್ಟದೆ, ಹಾಲು ಹಾಕಿ ಕಲೆಸಿ ಒಂದಿಷ್ಟು ಮೊಸರು ಹೆಪ್ಪಿಟ್ಟು ಒಗ್ಗರಣೆ ಕೊಟ್ಟರೆ ಬುತ್ತಿಯನ್ನ. ಮಧ್ಯಾಹ್ನದ ಹೊತ್ತಿಗೆ ಹಾಲು ಮೊಸರಾಗಿ ಹದವಾದ ಹುಳಿ ಬರುತ್ತದೆ, ಆ ಹುಳಿಯಲ್ಲಿ ಕೆಡಿಸುವ ಜೀವಿಗಳ ಆಟ ಸಾಗುವುದು ಕಷ್ಟ. ಹಾಗೆಂದು ಅದು ಎರಡು ದಿನ ಇರುತ್ತದೆ ಎಂದಲ್ಲ. ಅದು ಮಧ್ಯಾಹ್ನದ ಊಟ, ಸಂಜೆಗೆ ಉಳಿಸಬಾರದು.

ನಿಜವಾದ ಜಾಣತನ ಇದ್ದದ್ದು ಕಡಕ್ ರೊಟ್ಟಿಯಲ್ಲಿ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದುವುದು. ಪಿಷ್ಟ ಬೆಂದು ಹಿಟ್ಟು ಕೂಡಿಕೊಳ್ಳುತ್ತದೆ. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಬದಿಗೆ ಕೆಂಡದ ಕಾವಿಗೆ ನಿಲ್ಲಿಸಿದರೆ ಉಳಿದ ನೀರೂ ಆರಿಹೋಗುತ್ತದೆ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾಕ್ಕೂ ಬೂಸ್ಟಿಗೂ ಬದುಕಿಲ್ಲ. ಹೀಗಾಗಿ ಬಿರುಸು ರೊಟ್ಟಿಯ ಗಂಟು ವಾರಗಟ್ಟಲೆ ಖೋಲಿಯ ಗೂಟಕ್ಕೆ ತೂಗುತ್ತಿತ್ತು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ಇರುವಾಗ ಬಣ್ಣಕ್ಕೇನು ಕೊರತೆ!

ಯಾವ ಧಾನ್ಯ ಬಾಳುತ್ತದೆ ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಈಗಿನ ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚುತ್ತಾರೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಸೊರಗಿದೆ, ರಾಗಿ ಗಟ್ಟಿಯಾಗಿಯೇ ಇದೆ. ಕನಕದಾಸರು ಹೇಳಲು ಹೊರಟದ್ದು ಕುಲದ ಮೇಲು ಕೀಳಿನ ಮಾತು ಎಂಬುದು ನಿಜ. ಆದರೆ ಅದಕ್ಕೆ ಅವರು ಆರಿಸಿಕೊಂಡದ್ದು ಉಗ್ರಾಣದ ಪರೀಕ್ಷೆಯನ್ನು.

ಒಣಗಿಸುವುದು ನೀರನ್ನು ತೆಗೆಯುತ್ತದೆ, ಫ್ರೀಜರ್ ಅದೇ ನೀರನ್ನು ಕಲ್ಲು ಮಾಡಿ ಕಟ್ಟಿಹಾಕುತ್ತದೆ. ಸೂಕ್ಷ್ಮಜೀವಿಗಳು ಅಲ್ಲಿ ಸಾಯುವುದಿಲ್ಲ, ಬಹುಪಾಲು ಮಲಗಿರುತ್ತವೆ. ಕರಗಿದೊಡನೆ ಎದ್ದು ಕೂರುತ್ತವೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳು ದೊಡ್ಡದಾಗಿ ಕಾಯಿಪಲ್ಲೆಯ ಮೈ ಹರಿದು ಮೆತ್ತಗಾಗುತ್ತದೆ, ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು. ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತ ಕೆನಡಾದ ಲ್ಯಾಬ್ರಡಾರ್‌ನಲ್ಲಿ ಇದನ್ನು ಕಂಡ. ಅಲ್ಲಿನ ಮೂಲನಿವಾಸಿಗಳು ಹಿಡಿದ ಮೀನು ಕೊರೆಯುವ ಗಾಳಿಗೆ ಕ್ಷಣದಲ್ಲಿ ಗಟ್ಟಿಯಾಗುತ್ತಿತ್ತು, ತಿಂಗಳುಗಳ ನಂತರವೂ ತಾಜಾ ರುಚಿ ಕೊಡುತ್ತಿತ್ತು. 1920ರ ದಶಕದಲ್ಲಿ ಆತ ಅದನ್ನೇ ಯಂತ್ರಕ್ಕೆ ಇಳಿಸಿದ.

ಮನೆಯಲ್ಲಿ ಅಂಥ ಯಂತ್ರವಿಲ್ಲ, ಆದರೆ ಡಬ್ಬಿಯ ಆಕಾರ ನಮ್ಮ ಕೈಯಲ್ಲಿದೆ. ಅಗಲವಾದ, ಆಳ ಕಡಿಮೆಯಿರುವ ಸಣ್ಣ ಡಬ್ಬಿಗಳಲ್ಲಿ ಒಬ್ಬರ ಒಂದು ಊಟಕ್ಕಾಗುವಷ್ಟೇ ತುಂಬಬೇಕು. ದೊಡ್ಡ ಪಾತೇಲಿಯನ್ನು ಹಾಗೇ ಇಟ್ಟರೆ ಮೇಲೆ ತಣ್ಣಗಾಗಿ ನಡುವೆ ರಾತ್ರಿಯೆಲ್ಲ ಬೆಚ್ಚಗಿರುತ್ತದೆ. ಅದು ಬಾನೆಟ್ಟಿನ ಮೇಲಿಟ್ಟಂತೆಯೇ. ಒಲೆಯಿಂದ ಇಳಿಸಿದ 2 ತಾಸಿನೊಳಗೆ, ಕಡು ಬೇಸಿಗೆಯಲ್ಲಿ 1 ತಾಸಿನೊಳಗೆ ಅಡಿಗೆ ಫ್ರಿಜ್ಜು ಸೇರಬೇಕು. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಸೌಟು ಆಡಿಸಿದರೆ ಬೇಗ ಆರುತ್ತದೆ. ನೀರು ಹೆಪ್ಪುಗಟ್ಟುವಾಗ ಉಬ್ಬುವುದರಿಂದ ಡಬ್ಬಿಯ ಬಾಯಿಗೆ ಬೆರಳಗಲ ಜಾಗ ಬಿಡಬೇಕು. ತಾರೀಖಿನ ಚೀಟಿ ಅಂಟಿಸಬೇಕು. ನಾಲ್ವರ ಮನೆಯಲ್ಲಿ ಹೆಸರೂ ಇದ್ದರೆ ಜಗಳ ಕಡಿಮೆ.

ಉತ್ತರ ಕರ್ನಾಟಕದ ಅಡಿಗೆ ಫ್ರೀಜರಿಗೆ ಚೆನ್ನಾಗಿ ಹೊಂದುತ್ತದೆ. ಮಡಕೆಕಾಳು, ಹೆಸರುಕಾಳು, ಅಲಸಂದಿ ಪಲ್ಯ, ಹುರುಳಿ ಸಾರು, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಇವೆಲ್ಲ ಕರಗಿದ ಮೇಲೂ ತಮ್ಮ ರುಚಿ ಬಿಡುವುದಿಲ್ಲ. ಆಲೂಗಡ್ಡೆ ಹಾಕಿದ್ದು ಮರಳು ಮರಳಾಗುತ್ತದೆ. ಮೊಸರು ಒಡೆಯುತ್ತದೆ, ಸೌತೆಕಾಯಿ ಹಸಿ ಉಳ್ಳಾಗಡ್ಡಿ ನೀರಾಗುತ್ತವೆ. ಅನ್ನ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಗಡುಸಾಗುವಷ್ಟು ಫ್ರೀಜರಿನಲ್ಲಿ ಆಗುವುದಿಲ್ಲ, ಏಕೆಂದರೆ ಬೆಂದ ಪಿಷ್ಟ ಬಿರುಸಾಗುವುದು 4 ಡಿಗ್ರಿಯ ಆಸುಪಾಸಿನಲ್ಲೇ ಹೆಚ್ಚು. ಚಪಾತಿಯನ್ನು ಅರ್ಧ ಬೇಯಿಸಿ, ಆರಿಸಿ, ನಡುವೆ ಕಾಗದ ಹಾಕಿ ಜೋಡಿಸಿಟ್ಟರೆ ಬೆಳಿಗ್ಗೆ ಹಂಚಿಗೆ ಹಾಕುವುದಷ್ಟೇ ಕೆಲಸ.

ದೊಡ್ಡ ಫ್ರೀಜರುಗಳು ಮೈನಸ್ 18 ಡಿಗ್ರಿಯಲ್ಲಿರುತ್ತವೆ, ಅಲ್ಲಿ ಪಲ್ಯ ಎರಡು ಮೂರು ತಿಂಗಳು ರುಚಿ ಕೆಡದೆ ಇರುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಪುಟ್ಟ ಖಾನೆಗೆ ಅಷ್ಟು ಚಳಿ ಇರುವುದಿಲ್ಲ. ಅದನ್ನು ವಾರದ ಲೆಕ್ಕಕ್ಕೆ ಮಾತ್ರ ನಂಬಬೇಕು. ಕರೆಂಟ್ ಹೋದಾಗ ಒಳಗೆ ಹೇಗಿದೆ ಎಂದು ಬಾಗಿಲು ತೆರೆದು ನೋಡುವುದೇ ದೊಡ್ಡ ತಪ್ಪು. ಬಾಗಿಲು ಮುಚ್ಚಿದ್ದರೆ, ತುಂಬಿದ ದೊಡ್ಡ ಫ್ರೀಜರ್ ಸುಮಾರು 48 ತಾಸು, ಅರೆ ತುಂಬಿದ್ದು 24 ತಾಸು ತಡೆಯುತ್ತದೆ. ಪುಟ್ಟ ಖಾನೆ ಅಷ್ಟು ತಡೆಯದು.

ನಾಳಿನ ಡಬ್ಬಿಯನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಖಾನೆಗೆ ಇಳಿಸಿದರೆ ಬೆಳಗಾಗುವಷ್ಟರಲ್ಲಿ ಕರಗುತ್ತದೆ. ಅಡಿಗೆ ಕಟ್ಟೆಯ ಮೇಲೆ ಬಿಡಬಾರದು. ಹಬೆ ಏಳುವಷ್ಟು ಕುದಿಸಿ, ಬಿಸಿನೀರಿನಿಂದ ಕಾಯಿಸಿದ ಬಿಸಿ ಹಿಡಿಯುವ ಡಬ್ಬಿಗೆ ತುಂಬಿ ಒಯ್ಯಬೇಕು. ಕಚೇರಿಯಲ್ಲಿ ಫ್ರಿಜ್ಜೂ ಓವನ್ನೂ ಇದ್ದರೆ ತಣ್ಣಗಿನದನ್ನೇ ಒಯ್ದು ಅಲ್ಲಿ ಬಿಸಿ ಮಾಡಬಹುದು. ಒಮ್ಮೆ ಬಿಸಿ ಮಾಡಿ ಉಳಿದದ್ದು ಮತ್ತೆ ಫ್ರೀಜರಿಗೆ ಹೋಗಬಾರದು.

ತಂದೆ ತಾಯಂದಿರಿಗೆ ಒಂದು ಮಾತು. ಫ್ರಿಜ್ಜು ಬಂದ ಮೇಲೂ ಹಬ್ಬಕ್ಕೆ ಬಂದ ಮಗನಿಗೆ ಅವ್ವನೇ ಎರಡು ದಿನ ಒಲೆ ಮುಂದೆ ಕೂತು ಹದಿನೈದು ಡಬ್ಬಿ ತುಂಬಿ ಕಳಿಸುವುದಾದರೆ, ನಾಲ್ಕಕ್ಕೆ ಏಳುವ ಕಷ್ಟ ಬೇರೆ ರೂಪದಲ್ಲಿ ಮುಂದುವರಿಯಿತು ಅಷ್ಟೆ. ಬಸ್ಸಿನಲ್ಲಿ ಹೊರಟ ಆ ಡಬ್ಬಿಗಳು ರಾತ್ರಿಯಿಡೀ ಕರಗುತ್ತಾ ಬೆಂಗಳೂರು ಮುಟ್ಟುತ್ತವೆ ಎಂಬುದು ಇನ್ನೊಂದು ಅಪಾಯ. ಪಿಯುಸಿ ಮುಗಿಸುವ ಹೊತ್ತಿಗೆ ಮಗನೂ ಮಗಳೂ ಕಾಳು ನೆನೆಹಾಕಿ ಮೊಳಕೆ ಬರಿಸಿ ಪಲ್ಯ ಮಾಡುವುದನ್ನು ಕಲಿತಿರಲಿ. ಕೈಗೆ ಕೊಟ್ಟು ಕಳಿಸುವುದಾದರೆ ಒಣಗಿದ್ದನ್ನೇ ಕೊಡಿ: ಕಡಕ್ ರೊಟ್ಟಿ, ಮಾದಲಿ, ಚಟ್ನಿ ಪುಡಿ. ಅಗಸಿ, ಗುರೆಳ್ಳಿನ ಪುಡಿಯಲ್ಲಿ ಎಣ್ಣೆಯಂಶ ಹೆಚ್ಚು, ಗಾಳಿ ತಾಗಿದರೆ ಕಮಟು ವಾಸನೆ ಬರುತ್ತದೆ. ಸ್ವಲ್ಪ ಹೊರಗಿಟ್ಟುಕೊಂಡು ಉಳಿದದ್ದನ್ನು ಫ್ರೀಜರಿಗೆ ಹಾಕಲು ಹೇಳಿ. ರೊಟ್ಟಿಗೆ ಅಲ್ಲಿ ಜಾಗ ಮಾಡಬೇಕಿಲ್ಲ, ಗಾಳಿಯ ಪಸೆ ತಾಗದ ಡಬ್ಬಿ ಸಾಕು.