ತಲೆ ಕೊಟ್ಟವರ ಸೀಮೆ

ಹೆಡ್‌ಹಂಟರ್ ಎಂಬ ಮಾತು ಬೆಂಗಳೂರಿನ ಕಂಪನಿಗಳಲ್ಲಿ ಈಗ ದಿನಬಳಕೆಯದು. ದೊಡ್ಡ ಹುದ್ದೆಗೆ ತಕ್ಕವರನ್ನು ಹುಡುಕಿ, ಇನ್ನೊಂದು ಕಂಪನಿಯಿಂದ ಎಬ್ಬಿಸಿ ತರುವ ಏಜೆಂಟನಿಗೆ ಆ ಹೆಸರು. ಅದಕ್ಕೂ ಮುಂಚೆ ಆ ಮಾತಿಗಿದ್ದದ್ದು ನೇರ ಅರ್ಥವೇ. ಬೋರ್ನಿಯೊದ ಇಬಾನರು, ನಮ್ಮ ನಾಗಾ ಬೆಟ್ಟಗಳ ಕೊನ್ಯಾಕರು ಶತ್ರುವಿನ ತಲೆ ಕಡಿದು ಊರಿಗೆ ತರುತ್ತಿದ್ದರು. ಎರಡೂ ಕಡೆ ಕಥೆಯೆಲ್ಲ ತಲೆ ಒಯ್ಯುವವನದು. ತಲೆ ಕೊಟ್ಟವನ ಕಥೆ ತಿಳಿಯಬೇಕಾದರೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬದ ಕಡೆ ಬರಬೇಕು.

ಈ ಎರಡು ತಾಲ್ಲೂಕುಗಳಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ ವೀರಗಲ್ಲು ಇಲ್ಲದ ಊರು ಅಪರೂಪ. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಪ್ರಕಟಿಸಿದ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳು, ಎಂಟನೆಯ ಸಂಪುಟಗಳನ್ನು ತೆರೆದರೆ ದನಗಳಿಗಾಗಿ ನಡೆದ ತುರುಗೊಳ್ ಕಾಳಗದಲ್ಲಿ, ಊರಳಿವಿನಲ್ಲಿ, ಹೆಣ್ಣುಮಕ್ಕಳ ಮಾನ ಕಾಯುವಾಗ ಸತ್ತವರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಕಲ್ಲಿನ ಕೆಳಹಂತದಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ವೀರ, ತುದಿಯಲ್ಲಿ ಸೂರ್ಯಚಂದ್ರರು.

ಇವುಗಳ ನಡುವೆ ಇನ್ನೊಂದು ಬಗೆಯ ಕಲ್ಲಿದೆ. ಅದರಲ್ಲಿ ಕಾಳಗವಿಲ್ಲ. ಒಬ್ಬ ನೆಟ್ಟಗೆ ಕೂತಿದ್ದಾನೆ. ಅವನ ಜುಟ್ಟನ್ನು ಬಗ್ಗಿಸಿದ ಗಳುವಿನ ತುದಿಗೆ ಕಟ್ಟಲಾಗಿದೆ. ಕತ್ತಿ ಬೀಸಿದೊಡನೆ ಗಳು ನೆಟ್ಟಗಾಗಿ ತಲೆ ಮೇಲಕ್ಕೆ ಸಿಡಿಯುತ್ತದೆ. ಇದೇ ಸಿಡಿತಲೆ. ದೇವಿಗೆ ಹರಕೆ ಹೊತ್ತು, ಒಡೆಯನ ಬಯಕೆ ಈಡೇರಿತೆಂದು ಹೀಗೆ ತಲೆ ಒಪ್ಪಿಸಿದವರಿದ್ದರು. ಒಡೆಯ ಸತ್ತರೆ ತಾವೂ ಸಾಯುತ್ತೇವೆಂದು ಭಾಷೆ ಕೊಟ್ಟ ವೇಳೆವಾಳಿಗಳೂ ಇದ್ದರು. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟಿಸಿದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಈ ಪದ್ಧತಿಗಳ ಮೇಲೆ ಬೆಳಕು ಚೆಲ್ಲಿದೆ.

ಇದನ್ನು ಬರಿಯ ಸ್ವಾಮಿನಿಷ್ಠೆ ಎಂದು ಹಾಡಿ ಹೊಗಳಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಫಲ ಅರಮನೆಗೆ, ಬಲಿ ಆಳಿನದು. ನಿಜ, ಕಾಳಗದಲ್ಲಿ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಹೊಲಗದ್ದೆ ಸಿಗುತ್ತಿತ್ತು. ಆದರೆ ಅನ್ನದ ಋಣ ತೀರಿಸುವುದೇ ಹುಟ್ಟಿನ ಸಾರ್ಥಕ್ಯ ಎಂದು ಎಳವೆಯಿಂದ ಕೇಳಿ ಬೆಳೆದವನಿಗೆ ‘ಒಲ್ಲೆ’ ಎನ್ನುವ ದಾರಿ ಎಷ್ಟರಮಟ್ಟಿಗೆ ತೆರೆದಿತ್ತು? ಅವನ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆ ಧೈರ್ಯವನ್ನು ಬಳಸಿಕೊಂಡ ವ್ಯವಸ್ಥೆಗೆ ಬಾಗಲಾರೆ.

ಇದೇ ಮಣ್ಣಿನಲ್ಲಿ ಅದಕ್ಕೆ ಎದುರಾದ ಉದಾಹರಣೆಯೂ ಇದೆ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಹಾರಿಸಿ ತಮ್ಮದೇ ಸರ್ಕಾರ ಸಾರಿದರು. ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಅವರ ಕೊರಳು ಹೋದದ್ದು ಒಡೆಯನ ಹರಕೆಗಾಗಿ ಅಲ್ಲ, ತಮ್ಮ ಊರು ತಮ್ಮದೆಂದು ಹೇಳಿದ್ದಕ್ಕಾಗಿ. ಯಾರಿಗಾಗಿ ಎಂಬ ಪ್ರಶ್ನೆ ಕೇಳದಿದ್ದರೆ ಈ ಎರಡೂ ಸಾವುಗಳು ಒಂದೇ ತಕ್ಕಡಿಗೆ ಬೀಳುತ್ತವೆ, ಇಬ್ಬರಿಗೂ ಅನ್ಯಾಯವಾಗುತ್ತದೆ.

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿ ಹಲವು ವೀರಗಲ್ಲುಗಳಿಗೆ ನೆಲೆ ಸಿಕ್ಕಿದೆ. ಊರಲ್ಲೇ ಉಳಿದವುಗಳಿಗೆ ಗ್ರಾಮ ಪಂಚಾಯಿತಿಯೇ ದಿಕ್ಕು. ಒಂದು ಕಟ್ಟೆ, ಮೇಲೊಂದು ಸೂರು, ಶಾಸನವನ್ನು ಹೊಸಗನ್ನಡದಲ್ಲಿ ಬರೆದ ಒಂದು ಫಲಕ: ಇಷ್ಟಕ್ಕೆ ಹೆಚ್ಚಿನ ಹಣವೇನೂ ಬೇಡ. ಆ ಫಲಕದಲ್ಲಿ ಸತ್ತವನ ಹೆಸರಿನ ಜೊತೆಗೆ, ಅವನು ಯಾರಿಗಾಗಿ ಸತ್ತ, ಅದರಿಂದ ಯಾರಿಗೆ ಏನು ಸಿಕ್ಕಿತು ಎಂಬುದನ್ನೂ ಬರೆಯಬೇಕು. ಶಾಲೆಯ ಮಕ್ಕಳು ಅದನ್ನು ಓದಿ ಮೇಷ್ಟರನ್ನು ಪ್ರಶ್ನೆ ಕೇಳುವಂತಾಗಬೇಕು. ನಾಳೆ ಯಾರಾದರೂ ಧಣಿಗಾಗಿಯೋ ಧ್ವಜಕ್ಕಾಗಿಯೋ ಅವರ ತಲೆ ಕೇಳಿದರೆ, ಯಾಕೆಂದು ಮರುಪ್ರಶ್ನೆ ಹಾಕುವ ಬುದ್ಧಿ ಹೀಗೇ ಬರುವುದು.