ಕೇರಿಯ ಖಿನ್ನತೆಗೆ ಭಾಷಣ ಸಾಕಾ?



"ಖಿನ್ನತೆ ಅನ್ನೋದು ಜಾತಿ ಕೊಟ್ಟ ಗಾಯ, ಅದಕ್ಕೆ ಮಾತ್ರೆ ನುಂಗಿಸೋದು ವ್ಯವಸ್ಥೆಯ ಹುನ್ನಾರ." ಈ ಮಾತು ನಮ್ಮ ಸಭೆಗಳಲ್ಲಿ ಈಚೆಗೆ ಜಾಸ್ತಿ ಆಗಿದೆ. ಚಪ್ಪಾಳೆನೂ ಬೀಳುತ್ತೆ. ನನಗೆ ಮಾತ್ರ ಮೈ ಉರಿಯುತ್ತೆ.

ಜಾತಿ ಅವಮಾನ ಮನುಷ್ಯನನ್ನ ಒಳಗಿಂದ ತಿನ್ನುತ್ತೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಟಿಬಿನೂ ಬಡತನದಿಂದಲೇ ಹೆಚ್ಚೋದು ತಾನೇ? ಗಾಳಿ ಇಲ್ಲದ ಮನೆ, ಹಿಟ್ಟಿಲ್ಲದ ಹೊಟ್ಟೆ. ಹಾಗಂತ ಸಮಾನತೆ ಬರೋತನಕ ಟಿಬಿ ಮಾತ್ರೆ ಬೇಡ ಅಂತೀವಾ? ಇಲ್ಲ, ಆಶಾ ಅಕ್ಕನನ್ನ ಹುಡುಕಿಕೊಂಡು ಹೋಗ್ತೀವಿ. ಹಾಸಿಗೆಯಿಂದ ಏಳಲಾರದ ಅಕ್ಕನಿಗೆ ಮಾತ್ರ ಯಾಕೆ ಬರೀ ಸಿದ್ಧಾಂತ?

ಪಕ್ಕದ ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 'ಮಾನಸ್' ಅನ್ನೋ ಪ್ರಯೋಗ ಮಾಡಿದರು. 12 ಸರ್ಕಾರಿ ಕೇಂದ್ರ, 12 ಖಾಸಗಿ ಕ್ಲಿನಿಕ್. ಅರ್ಧದಷ್ಟು ಕಡೆ ಒಂದು ತಂಡ ಕಟ್ಟಿದರು. ತಂಡದ ಜೀವಾಳ ಯಾರು ಗೊತ್ತಾ? ಎರಡು ತಿಂಗಳು ತರಬೇತಿ ಪಡೆದ ಊರಿನ ಹೆಣ್ಣುಮಕ್ಕಳು. ಅವರು ಕೂತು ಮಾತಾಡ್ತಾರೆ, ಇದು ಕಾಯಿಲೆ, ವಾಸಿ ಆಗುತ್ತೆ ಅಂತ ತಿಳಿಸ್ತಾರೆ, ಬರದೇ ಹೋದವರನ್ನ ಮತ್ತೆ ವಿಚಾರಿಸ್ತಾರೆ. ಬೇಕಾದವರಿಗೆ ಅಲ್ಲಿನ ಡಾಕ್ಟರೇ ಮಾತ್ರೆ ಬರೀತಾರೆ. ಮನೋವೈದ್ಯರು ಆಗಾಗ ಬಂದು ಕಷ್ಟದ ಕೇಸು ನೋಡ್ತಾರೆ. ಫಲಿತಾಂಶ 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು: ಸರ್ಕಾರಿ ಕೇಂದ್ರಗಳಲ್ಲಿ ಖಿನ್ನತೆ, ಆತಂಕದ ಕಾಯಿಲೆ ಇದ್ದವರ ಪೈಕಿ, ತಂಡ ಇದ್ದ ಕಡೆ ಆರು ತಿಂಗಳಲ್ಲಿ ನೂರಕ್ಕೆ ಸುಮಾರು 66 ಜನ ಚೇತರಿಸಿಕೊಂಡರು. ತಂಡ ಇಲ್ಲದ ಕಡೆ 42. ಖಾಸಗಿಯಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಅಂದ್ರೆ ಈ ತಂಡದಿಂದ ಲಾಭ ಆಗಿದ್ದು ನಮ್ಮಂಥೋರು ಚೀಟಿ ಮಾಡಿಸಿ ಸಾಲಲ್ಲಿ ನಿಲ್ಲೋ ಆಸ್ಪತ್ರೆಯಲ್ಲೇ.

ನಮಗೇನು ಇದು ಹೊಸದಾ? 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು ತೋರಿಸಿದ್ರು. 1996ರಲ್ಲಿ ಅದೇ ಮಾದರಿ ದೇಶದ ಕಾರ್ಯಕ್ರಮ ಆಯ್ತು. ಆಮೇಲೆ 2015-16ರಲ್ಲಿ ಅದೇ ನಿಮ್ಹಾನ್ಸ್ ಸಮೀಕ್ಷೆ ಮಾಡಿದಾಗ ಖಿನ್ನತೆ ಇದ್ದ ನೂರರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈಗ ಟೆಲಿ ಮಾನಸ್ ಇದೆ, 14416. ನಂಬರ್ ಸೇವ್ ಮಾಡ್ಕೊಳ್ಳಿ, ಹಗಲು ರಾತ್ರಿ ಮಾತಾಡ್ತಾರೆ. ಆದ್ರೆ ಮಾತ್ರೆ ಬಿಟ್ಟ ಅಕ್ಕನ ಮನೆ ಬಾಗಿಲು ತಟ್ಟೋಕೆ ಫೋನಿಗೆ ಕಾಲಿಲ್ಲ.

ಇನ್ನೊಂದು. ಆ ಆಪ್ತಸಮಾಲೋಚಕಿ ಯಾರಾಗಬೇಕು? ಕೇರಿಯ ಬಾಯಲ್ಲೇ ನಿಂತು ಹೆಸರು ಕೂಗೋಳಲ್ಲ. ಒಳಗೆ ಬಂದು, ಚಾಪೆ ಮೇಲೆ ಕೂತು, ಕೊಟ್ಟ ನೀರು ಕುಡಿಯೋಳು. ಅವಮಾನದ ಕಥೆ ಹೇಳಿದ್ರೆ "ಅದನ್ನೆಲ್ಲ ಮನಸಿಗೆ ಹಚ್ಕೋಬೇಡಿ" ಅನ್ನದೋಳು. ಬಿಎ ಮಾಡಿ ಮನೇಲಿ ಕೂತಿರೋ ನಮ್ಮ ಹೆಣ್ಣುಮಕ್ಕಳು ಎಷ್ಟಿಲ್ಲ! ಕೆಲಸ ಕೊಡಿ, ಸಂಬಳ ಕೊಡಿ. ಹೊರಗುತ್ತಿಗೆ ಬೇಡವೇ ಬೇಡ. ಗುಮಾಸ್ತ ನಾನು, ಸಂಬಳದ ಬಿಲ್ಲು ತಿಂಗಳುಗಟ್ಟಲೆ ಮೇಜಿಂದ ಮೇಜಿಗೆ ಅಲೆಯೋದು ಕಣ್ಣಾರೆ ನೋಡ್ತೀನಿ. ಗೌರವಧನಕ್ಕೇ ಫ್ರೀಡಂ ಪಾರ್ಕಲ್ಲಿ ಚಳಿಯಲ್ಲಿ ಕೂತ ಆಶಾ ಅಕ್ಕಂದಿರ ತಲೆಗೆ ಇದನ್ನೂ ಬಿಟ್ಟಿಯಾಗಿ ಹೊರಿಸೋದಂತೂ ಅನ್ಯಾಯ.

ಮುಂದಿನ ಎಸ್‌ಸಿ ಎಸ್‌ಟಿ ಕುಂದುಕೊರತೆ ಸಭೆಗೆ ಹೋಗೋರು ಸ್ಮಶಾನ, ರಸ್ತೆ ಜೊತೆ ಇದನ್ನೂ ಬರೆದುಕೊಂಡು ಹೋಗಿ: ನಮ್ಮ ಪಿಎಚ್‌ಸಿಯಲ್ಲಿ ಖಿನ್ನತೆಯ ಮಾತ್ರೆ ಸ್ಟಾಕ್ ಇದೆಯಾ? ಮನೋವೈದ್ಯರು ಯಾವ ವಾರ ಬರ್ತಾರೆ? ಮಾತಾಡಿಸೋಕೆ ಯಾರನ್ನ ನೇಮಿಸಿದ್ದೀರಿ? ಉತ್ತರ ನಡಾವಳಿಯಲ್ಲಿ ದಾಖಲಾಗಲಿ, ಪ್ರತಿ ಕೇಳಿ ಪಡೆಯಿರಿ.