ಮೇಲ್ಮನೆಯಲ್ಲಿ ಒಂದು ಮಣೆ

ಭಾರತದ ಸಂವಿಧಾನದ ಪುಟಗಳನ್ನು ಮಗುಚುತ್ತ ಹೋದರೆ 242ನೆಯ ವಿಧಿಯ ಜಾಗ ಬರಿದಾಗಿರುವುದು ಕಾಣುತ್ತದೆ. ಅಲ್ಲಿ ಈಗ ವಿಧಿಯಿಲ್ಲ. 'ಕೊಡಗು' ಎಂಬ ತಲೆಬರಹವೂ, 1956ರ ಏಳನೆಯ ತಿದ್ದುಪಡಿಯಿಂದ ಅದು ರದ್ದಾಯಿತೆಂಬ ಒಕ್ಕಣೆಯೂ ಮಾತ್ರ ಉಳಿದಿವೆ. 1950ರಲ್ಲಿ ಇಡೀ ದೇಶಕ್ಕಾಗಿ ಜಾರಿಗೆ ಬಂದ ಆ ಗ್ರಂಥದಲ್ಲಿ ಕಾವೇರಿ ಹುಟ್ಟುವ ಈ ಪುಟ್ಟ ನಾಡಿಗೆಂದೇ ಒಂದು ವಿಧಿ ಮೀಸಲಾಗಿತ್ತು. ಪಾರ್ಲಿಮೆಂಟು ಬೇರೆ ಏರ್ಪಾಡು ಮಾಡುವ ತನಕ ಕೊಡಗಿನ ಶಾಸನ ಪರಿಷತ್ತು ಹಿಂದಿನಂತೆಯೇ ನಡೆದುಕೊಂಡು ಹೋಗತಕ್ಕದ್ದೆಂಬುದು ಅದರ ಸಾರ. ಮನೆಯವರು ಹೊರಟುಹೋದ ಮೇಲೂ ಬಾಗಿಲಲ್ಲಿ ಹೆಸರಿನ ಹಲಗೆ ಉಳಿದಂತೆ, ಇಂದು ಆ ಹೆಸರಷ್ಟೇ ಅಲ್ಲಿ ನಿಂತಿದೆ.

ಆ ಪರಿಷತ್ತು ಹುಟ್ಟಿದ್ದು 1924ರಲ್ಲಿ. ಅದರ ಇಪ್ಪತ್ತು ಸದಸ್ಯರಲ್ಲಿ ಹದಿನೈದು ಮಂದಿ ಚುನಾಯಿತರು, ಐವರು ನಾಮಕರಣಗೊಂಡವರು. ಸ್ವಾತಂತ್ರ್ಯ ಬಂದ ಬಳಿಕ ಕೊಡಗು 'ಸಿ' ವರ್ಗದ ರಾಜ್ಯವೆನಿಸಿಕೊಂಡಿತು. 1952ರಲ್ಲಿ ವಯಸ್ಕ ಮತದಾನದ ಮೇಲೆ 24 ಸ್ಥಾನಗಳ ವಿಧಾನಸಭೆಯನ್ನು ಆರಿಸಿತು. ಸಿ.ಎಂ. ಪೂಣಚ್ಚನವರ ನೇತೃತ್ವದ ಕಾಂಗ್ರೆಸ್ಸು 15 ಸ್ಥಾನಗಳನ್ನು ಪಡೆಯಿತು. ಕೊಡಗು ಪ್ರತ್ಯೇಕವಾಗಿಯೇ ಉಳಿಯಬೇಕೆಂದು ವಾದಿಸಿದ ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಗುರುತಿನ ಪಕ್ಷಕ್ಕೆ 9 ದೊರೆತವು. ಪೂಣಚ್ಚನವರು ಮುಖ್ಯಮಂತ್ರಿಗಳಾದರು. ಮಂತ್ರಿಮಂಡಲವೆಂದರೆ ಅವರೂ ಕೆ. ಮಲ್ಲಪ್ಪನವರೂ ಸೇರಿ ಇಬ್ಬರೇ!

ಆಗಿನ ಕೊಡಗಿನ ಜನಸಂಖ್ಯೆ, 1951ರ ಗಣತಿಯಂತೆ, ಸುಮಾರು 2 ಲಕ್ಷ 29 ಸಾವಿರ. ಹತ್ತು ಸಾವಿರಕ್ಕೂ ಕಡಿಮೆ ಜನರಿಗೆ ಒಬ್ಬ ಶಾಸಕನಿದ್ದನೆಂದಾಯಿತು. ಸಂತೆಯಲ್ಲಿಯೋ ಮದುವೆಮನೆಯಲ್ಲಿಯೋ ತನ್ನ ಮತದಾರನ ಮುಖವನ್ನು ಕಾಣದೆ ಅವನು ವಾರ ಕಳೆಯುವುದು ಸಾಧ್ಯವಿರಲಿಲ್ಲ.

ಆದರೆ ದೆಹಲಿಯ ರಾಜ್ಯಸಭೆಯಲ್ಲಿ ಆ ದಿನಗಳಲ್ಲಿಯೂ ಕೊಡಗಿಗೆ ಪೂರ್ತಿ ಒಂದು ಸ್ಥಾನವಿರಲಿಲ್ಲ. ರಾಜಸ್ಥಾನದ ನಡುವಿನ ಅಜ್ಮೀರಕ್ಕೂ ಕೊಡಗಿಗೂ ಸೇರಿಸಿ ಒಂದೇ ಸ್ಥಾನವನ್ನು ಕೊಡಲಾಗಿತ್ತು. ಮರಳುನಾಡಿನ ಅಂಚಿನ ಊರೆಲ್ಲಿ, ಮುಂಗಾರಿನಲ್ಲಿ ತೊಯ್ಯುವ ಕಾಫಿಯ ಬೆಟ್ಟಗಳೆಲ್ಲಿ! ಭಾಷೆ, ಬೆಳೆ, ಹವೆ ಯಾವುದರಲ್ಲಿಯೂ ನಂಟಿಲ್ಲದ ಎರಡು ನಾಡುಗಳನ್ನು ಚಿಕ್ಕವೆಂಬ ಒಂದೇ ಕಾರಣಕ್ಕೆ ಒಂದು ಮಣೆಯ ಮೇಲೆ ಕೂರಿಸಿದ್ದರು. 1956ರ ನವೆಂಬರ್ 1ರಂದು ಈ ವಿಚಿತ್ರ ದಾಂಪತ್ಯ ಕೊನೆಗಂಡಿತು. ಅಜ್ಮೀರ ರಾಜಸ್ಥಾನಕ್ಕೂ ಕೊಡಗು ಮೈಸೂರು ರಾಜ್ಯಕ್ಕೂ ಸೇರಿಹೋದವು.

ದೊಡ್ಡ ಕುಟುಂಬಕ್ಕೆ ಸೇರಿದಾಗ ಬರುವ ಅನುಕೂಲಗಳೇನೋ ಉಂಟು. ಇಬ್ಬರು ಮಂತ್ರಿಗಳ ರಾಜ್ಯಕ್ಕೆ ನಿಲುಕದ ಹಲವು ಕೆಲಸಗಳು ದೊಡ್ಡ ರಾಜ್ಯದ ಕೈಗೆ ನಿಲುಕುತ್ತವೆ. ಆದರೆ ದೊಡ್ಡ ಪಂಕ್ತಿಯಲ್ಲಿ ಕೊನೆಯ ಎಲೆಗೆ ಬಡಿಸುವವರ ಕಣ್ಣು ಹರಿಯುವುದು ತಡವಾಗಿಯೇ. 2011ರ ಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಆ ಗಣತಿಯಲ್ಲಿ ಕರ್ನಾಟಕದ ಅತಿ ಕಡಿಮೆ ಜನರ ಜಿಲ್ಲೆ ಇದೇ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂದು ಮೂರಿದ್ದ ವಿಧಾನಸಭಾ ಕ್ಷೇತ್ರಗಳು 2008ರ ಮರುವಿಂಗಡಣೆಯಲ್ಲಿ ಎರಡಕ್ಕೆ ಇಳಿದವು. 224 ಸ್ಥಾನಗಳ ಸಭೆಯಲ್ಲಿ ಎರಡು! ಒಬ್ಬ ಶಾಸಕನ ಪಾಲಿಗೆ ಈಗ ಎರಡೂ ಮುಕ್ಕಾಲು ಲಕ್ಷ ಜನ. ಲೋಕಸಭೆಗೆ 1952ರಲ್ಲಿ ತನ್ನದೇ ಸದಸ್ಯನನ್ನು ಕಳುಹಿಸಿದ್ದ ನಾಡು ಬಹುಕಾಲ ಮಂಗಳೂರಿನೊಡನೆ ಮತ ಹಾಕಿತು. 2009ರಿಂದ ಮೈಸೂರಿನೊಡನೆ ಹಾಕುತ್ತಿದೆ.

ಈ ಲೆಕ್ಕಗಳ ನಡುವೆ ಕೊಡಗು ಇಡಿಯಾಗಿ ತನ್ನದೆನ್ನಬಹುದಾದ ಸ್ಥಾನ ಒಂದೇ ಒಂದು. ಅದು ರಾಜ್ಯದ ಮೇಲ್ಮನೆಯಾದ ವಿಧಾನ ಪರಿಷತ್ತಿನಲ್ಲಿ ಸ್ಥಳೀಯ ಸಂಸ್ಥೆಗಳ ಪರವಾದ ಸ್ಥಾನ. ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ. ಪದವೀಧರರ ಮತ್ತು ಶಿಕ್ಷಕರ ಸ್ಥಾನಗಳಿಗೆ ಕೊಡಗು ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗಗಳ ಜತೆ ನೈಋತ್ಯ ಕ್ಷೇತ್ರದಲ್ಲಿ ಬೆರೆತಿದೆ. ಆದರೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಎಲ್ಲೆಯೂ ಜಿಲ್ಲೆಯ ಎಲ್ಲೆಯೂ ಒಂದೇ. 1997ರಲ್ಲಿ ಹುಟ್ಟಿದ ಚಾಮರಾಜನಗರ ಮೈಸೂರಿನೊಡನೆ, ಗದಗ ಹಾವೇರಿಗಳು ಧಾರವಾಡದೊಡನೆ ಇಂಥ ಕ್ಷೇತ್ರವನ್ನು ಹಂಚಿಕೊಂಡಿವೆ. ಅವುಗಳಿಗಿಂತ ಚಿಕ್ಕದಾದ ಕೊಡಗು ಮಾತ್ರ ಇಲ್ಲಿ ಒಂಟಿಯಾಗಿ, ಸ್ವತಂತ್ರವಾಗಿ ನಿಂತಿದೆ.

ಮೇಲ್ಮನೆಯ ಅಧಿಕಾರ ದೊಡ್ಡದಲ್ಲವೆಂಬುದು ನಿಜ. ಹಣಕಾಸಿನ ಮಸೂದೆಯನ್ನು ಅದು ಹದಿನಾಲ್ಕು ದಿನಗಳಿಗಿಂತ ಹೆಚ್ಚು ಹಿಡಿದಿಡಲಾರದು. ಇತರ ಮಸೂದೆಗಳನ್ನು ಕೆಲವು ತಿಂಗಳು ತಡೆಯಬಲ್ಲದೇ ಹೊರತು ಕೊಲ್ಲಲಾರದು. ಆದರೆ ಪ್ರಶ್ನೆ ಕೇಳುವ ಹಕ್ಕಿಗೆ ಮೇಲ್ಮನೆ ಕೆಳಮನೆಗಳ ಭೇದವಿಲ್ಲ. ಎ.ಕೆ. ಸುಬ್ಬಯ್ಯನವರು ಪರಿಷತ್ತಿನ ಸದಸ್ಯರಾಗಿದ್ದಾಗ ಕೊಡಗಿನಿಂದ ಬಂದ ಒಂದು ಗಂಟಲು ಎಷ್ಟು ದೂರ ಕೇಳಿಸಬಹುದೆಂಬುದನ್ನು ನಾಡು ಕಂಡಿತ್ತು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮನೆ ತೋಟಗಳು ಮಣ್ಣುಪಾಲಾದ ಜಿಲ್ಲೆಗೆ, ಕಾಡಾನೆಯ ಭಯದಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ಹಳ್ಳಿಗಳಿಗೆ, ಕೇಳುವ ಗಂಟಲೊಂದು ಹೆಚ್ಚಾದರೆ ಅದು ಸಣ್ಣ ಲಾಭವಲ್ಲ.

ಹಾಗಾದರೆ ಈ ಒಬ್ಬರನ್ನು ಆರಿಸುವವರು ಯಾರು? ಗ್ರಾಮ ಪಂಚಾಯಿತಿಯ ಸದಸ್ಯರು, ಪಟ್ಟಣಗಳ ಪೌರಸಭೆಗಳ ಸದಸ್ಯರು, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು ಇದ್ದಾಗ ಅವುಗಳ ಸದಸ್ಯರು. 2021ರ ಡಿಸೆಂಬರ್ 10ರಂದು ಮತದಾನವಾದಾಗ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದುಹೋಗಿತ್ತು. ಹೀಗಾಗಿ ಭಾರವೆಲ್ಲ ಹಿಂದಿನ ವರ್ಷದ ಡಿಸೆಂಬರಿನಲ್ಲಿ ಗೆದ್ದಿದ್ದ ಗ್ರಾಮ ಪಂಚಾಯಿತಿ ಸದಸ್ಯರ ಮೇಲೆಯೇ ಬಿತ್ತು. ಜಿಲ್ಲೆಯಲ್ಲಿ ಮತ ಚಲಾಯಿಸಿದವರು ಸಾವಿರದ ಮುನ್ನೂರರ ಆಸುಪಾಸು. ಅಭ್ಯರ್ಥಿಯ ಹೆಸರಿನ ಮುಂದೆ ಮುದ್ರೆ ಒತ್ತುವುದಲ್ಲ, ಮತಗಟ್ಟೆಯಲ್ಲಿ ಕೊಟ್ಟ ಲೇಖನಿಯಿಂದ 1, 2 ಎಂದು ಪ್ರಾಶಸ್ತ್ಯದ ಅಂಕಿ ಬರೆಯುವುದು ಇಲ್ಲಿನ ಕ್ರಮ. ಬಿ.ಜೆ.ಪಿ.ಯ ಸುಜಾ ಕುಶಾಲಪ್ಪನವರು ಕಾಂಗ್ರೆಸ್ಸಿನ ಮಂತರ್ ಗೌಡರನ್ನು ಸೋಲಿಸಿದ ಅಂತರ ಸುಮಾರು ನೂರು ಮತಗಳಷ್ಟೇ. ಸೋತ ಅಭ್ಯರ್ಥಿ 2023ರಲ್ಲಿ ಮಡಿಕೇರಿಯಿಂದ ವಿಧಾನಸಭೆಗೆ ಆರಿಸಿ ಬಂದರು.

ಸಾವಿರದ ಮುನ್ನೂರು ಜನ ಐದೂವರೆ ಲಕ್ಷದ ಪರವಾಗಿ ಆರು ವರ್ಷಗಳ ಸ್ಥಾನವನ್ನು ತೀರ್ಮಾನಿಸುವಾಗ ಒಂದೊಂದು ಮತವೂ ಚಿನ್ನದ ತೂಕದ್ದಾಗುತ್ತದೆ. ಚಿನ್ನವೆಂದ ಮೇಲೆ ಕೊಳ್ಳಬಯಸುವವರೂ ಹುಟ್ಟಿಕೊಳ್ಳುವುದು ಲೋಕರೂಢಿ. ಲಕ್ಷಾಂತರ ಮತದಾರರಿರುವ ಕ್ಷೇತ್ರದಲ್ಲಿ ಆಮಿಷ ಒಡ್ಡುವವನ ಕೈ ಸೋಲಬಹುದು. ಹೆಸರು ಹಿಡಿದು ಎಣಿಸಬಹುದಾದ ಪಟ್ಟಿಯಲ್ಲಿ ಸೋಲುವುದಿಲ್ಲ. ಇದಕ್ಕೆ ಕಾನೂನಿನ ಕಾವಲಿದ್ದರೂ ನಿಜವಾದ ಕಾವಲು ಗುಪ್ತ ಮತದ ಮರೆಯಲ್ಲಿ ಅಂಕಿ ಬರೆಯುವ ಕೈಯ ಮರ್ಯಾದೆ.

ಆ ಕೈ ಯಾರದು? ಕರ್ನಾಟಕದಲ್ಲಿ ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲು. ಆದುದರಿಂದ ಈ ಮತದಾರರಲ್ಲಿ ಸುಮಾರು ಅರ್ಧ ಮಂದಿ ಮಹಿಳೆಯರು. ಐನ್‌ಮನೆಯ ಸೊಸೆಯೂ, ತೋಟದ ಲೈನ್‌ಮನೆಯಿಂದ ಗೆದ್ದು ಬಂದ ಕೂಲಿಯಾಕೆಯೂ ಒಂದೇ ಸಾಲಿನಲ್ಲಿ ನಿಲ್ಲಬಹುದು. ಇಬ್ಬರ ಅಂಕಿಗೂ ಒಂದೇ ಬೆಲೆ. ಅವರನ್ನು ಆರಿಸಿದವರು ಹಳ್ಳಿಯ ಜನರು. ಅದೂ ಪಕ್ಷದ ಗುರುತಿಲ್ಲದ ಚುನಾವಣೆಯಲ್ಲಿ, ಬರೀ ಮನುಷ್ಯನ ಮುಖ ನೋಡಿ.

ಪಂಚಾಯಿತಿಯ ಮತವೆಂದರೆ ಬೀದಿದೀಪ, ಚರಂಡಿಗಳ ಮಾತಷ್ಟೇ ಎಂದು ತಿಳಿದು ಅಂದು ತೋಟದ ಕೆಲಸಕ್ಕೆ ಹೊರಡುವವರೂ, ಬೆಂಗಳೂರಿನಿಂದ ಬರುವ ಬಸ್ಸಿನ ಖರ್ಚು ಏಕೆಂದು ಸುಮ್ಮನಾಗುವವರೂ ಉಂಟು. ಅಂಥವರು ತಮ್ಮ ಓಣಿಯ ಸದಸ್ಯನನ್ನು ಮಾತ್ರವಲ್ಲ, ಮೇಲ್ಮನೆಯಲ್ಲಿ ಕೊಡಗಿಗಿರುವ ಒಂದೇ ಮಣೆಯ ಮೇಲೆ ಯಾರು ಕೂರಬೇಕೆಂಬ ಮಾತನ್ನೂ ಪರರಿಗೆ ಬಿಟ್ಟುಕೊಟ್ಟಂತಾಯಿತು. ಸಂವಿಧಾನದಲ್ಲಿ ಕೊಡಗಿನ ಹೆಸರು ಹೊತ್ತ 242ರ ಬರಿದಾದ ಜಾಗದ ಬೆನ್ನಿಗೇ 243ನೆಯ ವಿಧಿ ಆರಂಭವಾಗುತ್ತದೆ. ಅದರ ವಿಷಯ ಪಂಚಾಯಿತಿಗಳು. ನಾಡು ಕಳೆದುಕೊಂಡ ದನಿಯಲ್ಲಿ ಎಷ್ಟನ್ನು ಮರಳಿ ಪಡೆಯಬಹುದೋ ಅಷ್ಟರ ದಾರಿ ಹೊರಡುವುದು ಅಲ್ಲಿಂದಲೇ.